ಪಿಟೀಲಿನ ಕಮಾನು: ತೂಕ ಹೇಳದ ಮಾರಾಟ

ಮಾನ್ಯ ಸಂಪಾದಕರೇ,

ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿ ಹೆಸರಾದ ಮೈಸೂರಿನಲ್ಲಿ ಪಿಟೀಲು ಕಲಿಯುವ ಮಕ್ಕಳಿಗೆ ಇಂದಿಗೂ ಕೊರತೆಯಿಲ್ಲ. ಆದರೆ ಕಮಾನು ಬೇಕಾದಾಗ ಪೋಷಕರಲ್ಲಿ ಅನೇಕರು ಆನ್‌ಲೈನ್ ಮಳಿಗೆಗಳನ್ನೇ ನೆಚ್ಚಿಕೊಳ್ಳುತ್ತಿದ್ದಾರೆ. ಅಲ್ಲಿ ಚಿತ್ರ ಮತ್ತು ಬೆಲೆ ಎದ್ದು ಕಾಣುತ್ತವೆಯೇ ಹೊರತು, ಪೂರ್ಣ ಅಳತೆಯ ಕಮಾನಿನ ತೂಕ 60 ಗ್ರಾಂ ಆಸುಪಾಸಿನಲ್ಲಿದೆಯೇ, ಅದರ ಸಮತೋಲನ ಬಿಂದು ಎಲ್ಲಿದೆ, ಕೂದಲು ಕುದುರೆಯದೋ ಕೃತಕವೋ ಎಂಬ ಮುಖ್ಯ ವಿವರಗಳು ಎಷ್ಟೋ ಬಾರಿ ಸಿಗುವುದೇ ಇಲ್ಲ.

ಮರದ ವಿಷಯದಲ್ಲಂತೂ ಗೊಂದಲ ಹೆಚ್ಚು. ಉತ್ತಮ ಕಮಾನುಗಳಿಗೆ ಬಳಸುವ ಬ್ರೆಜಿಲ್‌ನ ಪರ್ನಾಂಬುಕೊ ಮರವು 2007ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿರುವಾಗ, ಸಾವಿರ ಎರಡು ಸಾವಿರ ರೂಪಾಯಿಗೆ ಆ ಹೆಸರಿನಲ್ಲಿ ಬರುವ ಕಮಾನನ್ನು ನಂಬುವುದು ಹೇಗೆ? ಕಲಿಯುವವರಿಗೆ ತೇವಕ್ಕೆ ಸುಲಭವಾಗಿ ಡೊಂಕಾಗದ ಕಾರ್ಬನ್ ಫೈಬರ್ ಕಮಾನೇ ಮೇಲೆಂದು ನನ್ನ ಅಭಿಪ್ರಾಯ (ಗುರುಗಳಲ್ಲಿ ಕೆಲವರು ಇದನ್ನು ಒಪ್ಪಲಾರರು). ಯಾವುದೇ ಆಗಲಿ, ಕೈಸೇರಿದ ಕೂಡಲೇ ತಿರುಪನ್ನು ಮಿತವಾಗಿ ಬಿಗಿದು, ಹಿಡಿಯ ಕಡೆಯಿಂದ ಒಂದೇ ಕಣ್ಣಿನಲ್ಲಿ ನೋಡಿ, ಕಡ್ಡಿ ಪಕ್ಕಕ್ಕೆ ವಾಲಿದೆಯೇ ಎಂದು ಕೂದಲಿಗೆ ರಾಳ ಹಚ್ಚುವ ಮೊದಲೇ ಪರೀಕ್ಷಿಸಬೇಕು.

ಮಾರಾಟಗಾರರು ತೂಕ, ಮರದ ಹೆಸರು ಮತ್ತು ಮರಳಿಸುವ ಅವಧಿಯನ್ನು ಬೆಲೆಯ ಪಕ್ಕದಲ್ಲೇ, ಕನ್ನಡದಲ್ಲಿಯೂ ನಮೂದಿಸಬೇಕೆಂದು ಕೋರುತ್ತೇನೆ.

– ಸಂಗೀತಾಸಕ್ತ ಓದುಗ, ಮೈಸೂರು