ಭಾನುವಾರ ‘ಬರ್ಕ್ಲಿ’ ದೋಣಿ ನೋಡಲು ಬರುವವರಿಗೆ

ಎಲ್ಲರಿಗೂ ನಮಸ್ಕಾರ. ಸ್ಯಾನ್ ಡಿಯಾಗೋ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ಜನ ‘ಸ್ಟಾರ್ ಆಫ್ ಇಂಡಿಯಾ’ ಹಾಯಿ ಹಡಗಿನ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಾವು ‘ಬರ್ಕ್ಲಿ’ಗೆ ಜಾಸ್ತಿ ಹೊತ್ತು ಇಟ್ಟುಕೊಳ್ಳೋಣ.

1898ರ ಉಗಿ ದೋಣಿ ಇದು. ರೈಲು ಕಂಪನಿಯದು. ಸ್ಯಾನ್ ಫ್ರಾನ್ಸಿಸ್ಕೋ–ಓಕ್ಲೆಂಡ್ ನಡುವೆ 1958ರವರೆಗೆ ಜನರನ್ನು ದಾಟಿಸಿತು. ಎರಡೂ ತುದಿ ಮುಂಭಾಗವೇ, ಹಾಗಾಗಿ ದಡದಲ್ಲಿ ತಿರುಗಿಸುವ ಗೋಜೇ ಇರಲಿಲ್ಲ. 1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಹೊತ್ತಿ ಉರಿಯುವಾಗ ನಿರಾಶ್ರಿತರನ್ನು ಆಚೆ ದಡ ಸೇರಿಸಿದ್ದೂ ಇದೇ. ನಿವೃತ್ತಿಯಾದ ಮೇಲೆ ಅಲ್ಲೇ ಹತ್ತಿರದ ಸಾಸಲಿಟೋ ಊರಿನಲ್ಲಿ ತೇಲುವ ಗಿಫ್ಟ್ ಅಂಗಡಿ! (ಏನು ಗತಿ ಬಂತಪ್ಪಾ ಅನ್ನಿಸುತ್ತೆ, ಆದರೆ ಆ ಅಂಗಡಿಯಿಂದಲೇ ಗುಜರಿಗೆ ಹೋಗದೆ ಉಳಿಯಿತೇನೋ.) 1973ರಲ್ಲಿ ಮ್ಯೂಸಿಯಂ ಕೊಂಡುಕೊಂಡಿತು.

ಮೇಲಿನ ಅಂತಸ್ತಿನ ಬಣ್ಣದ ಗಾಜಿನ ಕಿಟಕಿ, ಮರದ ಬೆಂಚು ಚೆನ್ನಾಗಿವೆ. ಕೆಳಗಿನ ಎಂಜಿನ್ ಕೋಣೆಗೆ ಹೋಗುವಾಗ ಹಿರಿಯರು ನೋಡಿಕೊಂಡು ಇಳಿಯಿರಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.