ಲುವಾಂಗ್ ಪ್ರಬಾಂಗ್‌ಗೆ ಒಂದು ಬಿಡುವಿನ ದಿನ ಕೊಡಿ

ಮಾನ್ಯ ಸಂಪಾದಕರೇ,

ಲಾವೋಸ್ ಪ್ರವಾಸದ ಬರಹಗಳಲ್ಲಿ ಆ ದೇಶದ ಉತ್ತರದ ಹಳೆಯ ಊರು ಲುವಾಂಗ್ ಪ್ರಬಾಂಗ್ ಎಂದರೆ ಒಂದೇ ದಿನದಲ್ಲಿ ಭಿಕ್ಷುಗಳ ಸಾಲು, ಕ್ವಾಂಗ್ ಸಿ ಜಲಪಾತ, ಫೂಸಿ ಬೆಟ್ಟ, ರಾತ್ರಿ ಸಂತೆ ಎಲ್ಲವನ್ನೂ ತುರುಕಿರುತ್ತಾರೆ. ಬೆನ್ನಿಗೆ ಚೀಲ ಏರಿಸಿ ವಾರಗಟ್ಟಲೆ ತಿರುಗುವವರಿಗೆ ಇದು ಆಗದ ಮಾತು. ಅದರಲ್ಲೂ ಥಾಯ್ ಗಡಿಯ ಹುವಾಯ್ ಸಾಯ್‌ನಿಂದ ಮೆಕಾಂಗ್ ನದಿಯ ದೋಣಿಯಲ್ಲಿ ಎರಡು ದಿನ ಕೂತು ಬಂದವರು ಮಾರನೆಯ ದಿನ ಊರು ಬಿಟ್ಟು ಕದಲದಿರುವುದೇ ಒಳ್ಳೆಯದು. ಜಲಪಾತ ಸುಮಾರು 30 ಕಿ.ಮೀ. ದೂರದಲ್ಲಿದೆ, ಅರ್ಧ ದಿನ ನುಂಗುತ್ತದೆ. ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ.

ಎದ್ದ ಕೂಡಲೇ ಬಟ್ಟೆಯನ್ನು ಲಾಂಡ್ರಿಗೆ ಕೊಡಿ. ಕಿಲೋ ಲೆಕ್ಕದಲ್ಲಿ ತೂಗಿ ತೆಗೆದುಕೊಳ್ಳುತ್ತಾರೆ, ಒಣಗಿಸುವುದು ಹೆಚ್ಚಾಗಿ ಬಿಸಿಲಲ್ಲಿ. ಮೇ ತಿಂಗಳಿಂದ ಅಕ್ಟೋಬರ್‌ವರೆಗಿನ ಮಳೆಗಾಲದಲ್ಲಿ ಜೀನ್ಸ್‌ನಂಥ ದಪ್ಪ ಬಟ್ಟೆ ಸಂಜೆಗೆ ಹಸಿಹಸಿಯಾಗಿಯೇ ಕೈಸೇರಬಹುದು. ಅದನ್ನು ಚೀಲಕ್ಕೆ ತುಂಬಿದರೆ ಉಳಿದ ಬಟ್ಟೆಗೂ ಮುಗ್ಗುಲು ವಾಸನೆ ಹತ್ತುತ್ತದೆ.

ಇನ್ನು ನಡೆಯಲು ಹೊರಡಿ. ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳ ನಡುವಿನ ಹಳೆಯ ಊರು ಚಿಕ್ಕದು. 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದ ಈ ಬೀದಿಗಳಿಗೆ ಬಾಡಿಗೆ ಬೈಕು ಬೇಕಿಲ್ಲ. ತುದಿಯಲ್ಲಿರುವ 16ನೇ ಶತಮಾನದ ವಾಟ್ ಸಿಯೆಂಗ್ ಥೊಂಗ್ ಮಂದಿರದ ಹಿಂಗೋಡೆಯಲ್ಲಿ ಬಣ್ಣದ ಗಾಜಿನ ಚೂರುಗಳಿಂದ ಮಾಡಿದ ವೃಕ್ಷವಿದೆ, ಅದರ ಮುಂದೆ ಸಾವಕಾಶವಾಗಿ ನಿಲ್ಲಿ. ಭುಜ, ಮೊಣಕಾಲು ಮುಚ್ಚಿರಬೇಕು. ನಾಮ್ ಖಾನ್ ಮೇಲಿನ ಬಿದಿರಿನ ಸೇತುವೆಯನ್ನು ನೀರು ಇಳಿದ ಮೇಲೆ ಪ್ರತಿವರ್ಷ ಹೊಸದಾಗಿ ಕಟ್ಟುತ್ತಾರೆ, ಹೊಳೆ ತುಂಬುವ ಹೊತ್ತಿಗೆ ಬಿಚ್ಚುತ್ತಾರೆ. ಮಳೆಗಾಲದಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಡಿ. ಫೂಸಿಯ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಬೆಳಗ್ಗೆಯೇ ಹತ್ತಿ. ಸೂರ್ಯಾಸ್ತದ ವೇಳೆ ಮೇಲೆ ಕಾಲಿಡಲು ಜಾಗವಿರುವುದಿಲ್ಲ.

ಸಸ್ಯಾಹಾರಿಗಳಿಗೆ ಒಂದು ಮಾತು. ಪಪ್ಪಾಯಿಕಾಯಿ ಸಲಾಡ್ ನೋಡಲು ಬರೀ ತರಕಾರಿ, ಆದರೆ ಅದಕ್ಕೆ ಪಾಡೇಕ್ ಎಂಬ ಹುದುಗಿಸಿದ ಮೀನಿನ ರಸ ಬೀಳುತ್ತದೆ. 'ಬೊ ಸೈ ಪಾಡೇಕ್' ಎಂದರೆ ಅದನ್ನು ಹಾಕಬೇಡಿ ಎಂದರ್ಥ. ಅಂಟಕ್ಕಿ ಅನ್ನಕ್ಕೆ ಆ ಚಿಂತೆಯಿಲ್ಲ.

ನಮಗೆ ನಿಜಕ್ಕೂ ನೋವು ತರುವುದು ತಾಕ್ ಬಾತ್ ಎಂಬ ಮುಂಜಾವಿನ ಭಿಕ್ಷಾಟನೆಯನ್ನು ಫೋಟೊ ಪ್ರದರ್ಶನವಾಗಿಸಿರುವುದು. ಭಿಕ್ಷುಗಳು ಮೌನವಾಗಿ, ಬರಿಗಾಲಲ್ಲಿ ಭಿಕ್ಷೆಗೆ ಬರುತ್ತಾರೆ. ಅದು ಅವರ ನಿತ್ಯದ ಊಟ, ಊರವರಿಗೆ ಪುಣ್ಯದ ಕೆಲಸ. ನೋಡುವವರು ರಸ್ತೆಯ ಆಚೆ ಬದಿಯಲ್ಲಿ ನಿಲ್ಲಬೇಕು, ಫ್ಲ್ಯಾಶ್ ಹಾಕಬಾರದು, ಸಾಲಿಗೆ ಅಡ್ಡ ಬರಬಾರದು, ಭಿಕ್ಷುಗಳನ್ನು ಮುಟ್ಟಬಾರದು. ಬೀದಿಯಲ್ಲಿ ಪ್ರವಾಸಿಗರಿಗೆಂದೇ ಮಾರುವ ಅನ್ನ, ಬಿಸ್ಕತ್ತು ಕೊಂಡು ಹಾಕುವುದೂ ಸಲ್ಲದು. ಆ ಅನ್ನ ಎಷ್ಟು ತಾಜಾ ಎಂದು ಕೊಂಡವರಿಗೆ ತಿಳಿಯದು, ತಿನ್ನಬೇಕಾದವರು ಭಿಕ್ಷುಗಳು. ಶ್ರದ್ಧೆಯಿಲ್ಲದೆ ಬರೀ ಚಿತ್ರಕ್ಕಾಗಿ ಮಂಡಿಯೂರುವುದಕ್ಕಿಂತ ದೂರ ನಿಂತು ನೋಡುವುದೇ ಮರ್ಯಾದೆ.

ಸಂಜೆ ಯಾರೋ ಪುಕ್ಕಟೆ ಕೊಡುವ ಮದ್ಯವನ್ನು ಮುಟ್ಟಬೇಡಿ. 2024ರ ನವೆಂಬರ್‌ನಲ್ಲಿ ಇದೇ ದೇಶದ ವಾಂಗ್ ವಿಯೆಂಗ್‌ನಲ್ಲಿ ಮದ್ಯದಲ್ಲಿದ್ದ ಮೆಥನಾಲ್ ವಿಷದಿಂದ ಆರು ವಿದೇಶಿ ಪ್ರವಾಸಿಗರು ಸತ್ತರು. ಬೇಕೇಬೇಕಾದರೆ ಸೀಲ್ ಒಡೆಯದ ಬಿಯರ್ ಬಾಟಲಿ ಕೇಳಿ.

ಮುಂದೆ ರೈಲಿನಲ್ಲಿ ಹೋಗುವುದಿದ್ದರೆ ಮಲಗುವ ಮುನ್ನ ಚೀಲ ತೆಗೆದು ನೋಡಿ. 2021ರ ಡಿಸೆಂಬರ್‌ನಲ್ಲಿ ಶುರುವಾದ ಲಾವೋಸ್–ಚೀನಾ ರೈಲಿನ ತಪಾಸಣೆಯಲ್ಲಿ ಚಾಕು, ಕತ್ತರಿ, ಡಿಯೋಡರೆಂಟ್ ಮತ್ತು ಸೊಳ್ಳೆ ಸ್ಪ್ರೇ ಡಬ್ಬಿಗಳನ್ನು ಕಿತ್ತುಕೊಳ್ಳುತ್ತಾರೆ. ಲಾವೋಸ್‌ನಿಂದಲೇ ಹೊರಡುವವರು ಕೈಯಲ್ಲಿ ಉಳಿದ ಕಿಪ್ (ಲಾವೋಸ್ ಹಣ) ನೋಟುಗಳನ್ನೂ ಎಣಿಸಿಕೊಳ್ಳಲಿ; ಗಡಿ ದಾಟಿದ ಮೇಲೆ ಅವನ್ನು ಬದಲಿಸಿಕೊಡುವವರು ಸಿಗುವುದು ಕಷ್ಟ.

ಇತಿ,
ಕೆಲವು ಓದುಗರು