ಚಿಂಬೋಟೆಯ ಹೆರಿಗೆ ಆಸ್ಪತ್ರೆಗೆ ತಿಂಗಳ ಕಾಣಿಕೆ: ಒಂದು ಮನವಿ

ಕ್ರಿಸ್ತರಲ್ಲಿ ಪ್ರೀತಿಯ ಸಹೋದರ ಸಹೋದರಿಯರೇ,

ಅಮೆರಿಕದ ಪಿಟ್ಸ್‌ಬರ್ಗ್ ಧರ್ಮಪ್ರಾಂತ್ಯದಲ್ಲಿ ನೆಲೆಸಿರುವ ಕೆಲವು ಕನ್ನಡ ಕುಟುಂಬಗಳ ಪರವಾಗಿ ಈ ಮನವಿಯನ್ನು ನಿಮ್ಮ ಮುಂದಿಡುತ್ತಿದ್ದೇವೆ. ಈ ಧರ್ಮಪ್ರಾಂತ್ಯದ ಗುರುಗಳಾಗಿದ್ದ ಫಾದರ್ ಜೂಲ್ಸ್ ರೂಸ್ ಅವರು 1960ರ ದಶಕದಲ್ಲಿ ಪೆರು ದೇಶದ ಚಿಂಬೋಟೆ ನಗರಕ್ಕೆ ಹೋಗಿ, ಅಲ್ಲಿನ ಬಡ ಗರ್ಭಿಣಿಯರಿಗಾಗಿ ಮಾತೆ ಮರಿಯಮ್ಮನವರ ಹೆಸರಿನಲ್ಲಿ ‘ಮಾತೆರ್ನಿದಾದ್ ದೆ ಮರಿಯಾ’ ಎಂಬ ಹೆರಿಗೆ ಆಸ್ಪತ್ರೆಯನ್ನು ಕಟ್ಟಿದರು. ನಾವು ಕೋರುತ್ತಿರುವುದು ಈ ಆಸ್ಪತ್ರೆಯ ಸೇವೆಗಾಗಿ ಒಮ್ಮೆ ಕೊಡುವ ದೊಡ್ಡ ಮೊತ್ತವನ್ನಲ್ಲ. ಪ್ರತಿ ತಿಂಗಳೂ ತಪ್ಪದೆ, ಹಲವು ವರ್ಷ ಕೊಡಬಹುದಾದ ಸಣ್ಣ ಕಾಣಿಕೆಯನ್ನು. ಹೀಗೇಕೆ ಎಂಬುದು ಆ ನಗರದ ಕಥೆಯನ್ನು ತಿಳಿದರೆ ಅರ್ಥವಾಗುತ್ತದೆ.

1940ರ ಸುಮಾರಿಗೆ ಚಿಂಬೋಟೆ ಮರಳುಗಾಡಿನ ಅಂಚಿನ, ಕೆಲವೇ ಸಾವಿರ ಜನರ ಊರು. ಸಾಂತಾ ನದಿಯ ಕಣಿವೆಯಲ್ಲಿ ಜಲವಿದ್ಯುತ್ ಯೋಜನೆ ಬಂತು, ಆ ವಿದ್ಯುತ್ತನ್ನು ನಂಬಿ 1958ರಲ್ಲಿ ಉಕ್ಕಿನ ಕಾರ್ಖಾನೆ ಆರಂಭವಾಯಿತು, ಜೊತೆಗೆ ಆಂಚೊವೆಟಾ ಎಂಬ ಪುಟ್ಟ ಮೀನಿನ ವ್ಯಾಪಾರ ಊರನ್ನು ಉಕ್ಕೇರಿಸಿತು. ದೋಣಿಗಳು ತಂದ ಮೀನನ್ನು ಬೇಯಿಸಿ, ಹಿಂಡಿ, ಒಣಗಿಸಿ, ಪುಡಿ ಮಾಡಿ ಕೋಳಿ ಹಂದಿಗಳ ಆಹಾರಕ್ಕೆಂದು ಹೊರದೇಶಗಳಿಗೆ ಕಳುಹಿಸುವ ಫಿಶ್‌ಮೀಲ್ ಕಾರ್ಖಾನೆಗಳು ಕಡಲತಡಿಯ ಉದ್ದಕ್ಕೂ ಎದ್ದವು. ಮಲ್ಪೆ, ಮಂಗಳೂರು ಕಡೆಯಿಂದ ಬಂದ ನಮ್ಮಲ್ಲಿ ಹಲವರಿಗೆ ಆ ವಾಸನೆಯನ್ನು ವಿವರಿಸಬೇಕಾಗಿಲ್ಲ. ಆಂಡೀಸ್ ಬೆಟ್ಟಗಳಿಂದ ಇಳಿದು ಬಂದ ಕೆಚುವಾ ಭಾಷಿಕ ಕುಟುಂಬಗಳು ನೀರೂ ಚರಂಡಿಯೂ ಇಲ್ಲದ ಮರಳಿನ ಮೇಲೆ ಜೊಂಡಿನ ಚಾಪೆಗಳನ್ನೇ ಗೋಡೆ ಮಾಡಿಕೊಂಡು ಬಿಡಾರ ಹೂಡಿದವು. ಫಾದರ್ ರೂಸ್ ಕಂಡ ಚಿಂಬೋಟೆ ಅದು: ಹೊರಗಿನವರ ಕಣ್ಣಿಗೆ ಜಗತ್ತಿನ ದೊಡ್ಡ ಮೀನುಗಾರಿಕಾ ಬಂದರು, ಒಳಗೆ ಸೂಲಗಿತ್ತಿಯೂ ಸಿಗದೆ ಹೆರುವ ತಾಯಂದಿರು.

ಆ ಸಿರಿ ಬಹುಕಾಲ ನಿಲ್ಲಲಿಲ್ಲ. 1970ರ ಮೇ 31ರಂದು ಕರಾವಳಿಯಾಚೆ ಕಡಲಲ್ಲಿ ಹುಟ್ಟಿದ ಭೂಕಂಪ ನಗರದ ಬಹುಭಾಗವನ್ನು ಕೆಡವಿತು. ಅದಾಗಿ ಎರಡು ವರ್ಷಕ್ಕೆ, ಮಿತಿಮೀರಿ ಹಿಡಿದ ಮೀನಿನ ಸಂತತಿಯ ಮೇಲೆ ಎಲ್ ನಿನ್ಯೋದ, ಅಂದರೆ ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್ ಸಾಗರ ಬಿಸಿಯೇರುವ ವಿದ್ಯಮಾನದ, ಬಿಸಿನೀರೂ ಎರಗಿ, ಆಂಚೊವೆಟಾ ಮೀನುಗಾರಿಕೆ ಕುಸಿದುಬಿತ್ತು. 1991ರಲ್ಲಿ ಕಾಲರಾ ಬಂತು. ಪೆರುವಿನಲ್ಲಿ ಅದು ಮೊದಲು ಕಾಣಿಸಿಕೊಂಡ ಊರುಗಳಲ್ಲಿ ಚಿಂಬೋಟೆಯೂ ಒಂದು, ಮತ್ತು ಆ ಒಂದೇ ವರ್ಷ ದೇಶದಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಶುದ್ಧ ನೀರು ಇಲ್ಲದ್ದೇ ಅದು ಅಷ್ಟು ಹಬ್ಬಲು ಮುಖ್ಯ ಕಾರಣ.

ಅದೇ ವರ್ಷದ ಆಗಸ್ಟ್ 9ರಂದು ಚಿಂಬೋಟೆ ಧರ್ಮಪ್ರಾಂತ್ಯದ ಪರಿಯಾಕೋಟೊ ಎಂಬ ಬೆಟ್ಟದೂರಿನಲ್ಲಿ ಫ್ರಾನ್ಸಿಸ್ಕನ್ ಗುರುಗಳಾದ ಮಿಖಾವ್ ತೋಮಾಶೆಕ್ ಮತ್ತು ಜ್‌ಬಿಗ್ನ್ಯೆವ್ ಸ್ತ್ಶಾವ್ಕೋವ್ಸ್ಕಿ ಅವರನ್ನು, ಆಗಸ್ಟ್ 25ರಂದು ಸಾಂತಾ ಕಣಿವೆಯಲ್ಲಿ ಇಟಲಿಯ ಗುರು ಅಲೆಸ್ಸಾಂಡ್ರೊ ದೊರ್ದಿ ಅವರನ್ನು ‘ಶೈನಿಂಗ್ ಪಾಥ್’ ಎಂಬ ಪೆರುವಿನ ಮಾವೋವಾದಿ ಸಶಸ್ತ್ರ ಗುಂಪಿನ ಉಗ್ರರು ಕೊಂದರು. ಹಸಿದವರಿಗೆ ಅನ್ನ ಹಂಚುವುದು ಕ್ರಾಂತಿಯ ಕಿಚ್ಚನ್ನು ಆರಿಸುತ್ತದೆ ಎಂಬುದು ಕೊಂದವರ ಆರೋಪವಾಗಿತ್ತು. 2015ರ ಡಿಸೆಂಬರ್ 5ರಂದು ಚಿಂಬೋಟೆಯಲ್ಲೇ ಆ ಮೂವರನ್ನು ಪುನೀತರೆಂದು ಘೋಷಿಸಲಾಯಿತು. ಕೊಲೆಗಳಾದಾಗ ಚಿಂಬೋಟೆಯ ಧರ್ಮಾಧ್ಯಕ್ಷರಾಗಿದ್ದ, ಯೇಸುಸಭೆಯ ಲೂಯಿಸ್ ಬಂಬಾರೆನ್ ಅವರು ಆ ಕೊಲೆಗಳ ಬಳಿಕವೂ 2004ರವರೆಗೆ ಅಲ್ಲಿಯೇ ಸೇವೆಯಲ್ಲಿದ್ದರು. ಫಾದರ್ ರೂಸ್ ಅವರೂ, ಅವರೊಂದಿಗೆ ದುಡಿದ ಧರ್ಮಭಗಿನಿಯರೂ ಊರು ಬಿಡಲಿಲ್ಲ. ನಮ್ಮ ಮನಸ್ಸನ್ನು ತಟ್ಟಿದ್ದು ಇದೇ. ಸೇವೆಯ ಬಗ್ಗೆ ನಾವು ಎಷ್ಟೋ ಪ್ರವಚನಗಳನ್ನು ಕೇಳಿದ್ದೇವೆ. ಬಿಟ್ಟು ಹೋಗಲು ಇಷ್ಟು ಕಾರಣಗಳಿದ್ದೂ ಹೋಗದೆ ಉಳಿದವರ ಬದುಕು ಮಾತ್ರ ಬೇರೆಯೇ ತೂಕದ್ದು.

ಚಿಂಬೋಟೆ ಇಂದು ಲಕ್ಷಾಂತರ ಜನರ ನಗರ, ಅದರ ದಕ್ಷಿಣಕ್ಕೆ ನುವೊ ಚಿಂಬೋಟೆ ಬೆಳೆದಿದೆ. ಆದರೂ ದುಡಿಮೆ ಕಡಲ ಮರ್ಜಿಗೇ ಬಿಟ್ಟದ್ದು. 2023ರಲ್ಲಿ ಎಲ್ ನಿನ್ಯೋದಿಂದಾಗಿ ವರ್ಷದ ಮೊದಲ ಆಂಚೊವೆಟಾ ಋತುವನ್ನೇ ರದ್ದುಪಡಿಸಲಾಯಿತು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳ ನಿಷೇಧ ಮೊದಲೇ ಗೊತ್ತಿರುವಂಥದ್ದು, ಮನೆಯವರು ಅದಕ್ಕೆ ಸಿದ್ಧರಾಗಿರುತ್ತಾರೆ. ಹೀಗೆ ಹಠಾತ್ತನೆ ಒಂದು ಋತುವೇ ಕೈತಪ್ಪಿದರೆ ಬಸುರಿ ಹೆಂಗಸಿನ ಊಟವೂ ತಪಾಸಣೆಯೂ ಮೊದಲು ನಿಲ್ಲುತ್ತವೆ. ಹೆರಿಗೆಯಾದರೋ ಋತು ನೋಡಿ ಬರುವುದಿಲ್ಲ. ಸೂಲಗಿತ್ತಿಯರ ಮತ್ತು ದಾದಿಯರ ಸಂಬಳ, ಔಷಧ, ಬಾಣಂತಿಯರ ಆಹಾರ ಇವೆಲ್ಲ ತಿಂಗಳು ತಿಂಗಳೂ ಬರುವ ಖರ್ಚುಗಳು. ಹೊಸ ಕಟ್ಟಡಕ್ಕೆ, ಹೆಸರು ಕೆತ್ತಿಸುವ ಕಲ್ಲಿಗೆ ದಾನಿಗಳು ಸುಲಭವಾಗಿ ಸಿಗುತ್ತಾರೆ, ಸಂಬಳಕ್ಕೆ ಸಿಗುವುದು ಕಷ್ಟ. ನಮ್ಮ ಕಾಣಿಕೆ ಅಲ್ಲಿಗೇ ಸಲ್ಲಲಿ ಎಂಬುದು ನಮ್ಮ ಆಶಯ.

ಎಷ್ಟು ಕೊಡಬೇಕೆಂದು ನಾವು ಗೊತ್ತುಪಡಿಸಿಲ್ಲ. ನಿಮ್ಮ ಮನೆಯ ಬಾಡಿಗೆ, ಮಕ್ಕಳ ಓದು, ಊರಿಗೆ ಕಳುಹಿಸುವ ಹಣ ಇವನ್ನೆಲ್ಲ ಲೆಕ್ಕ ಹಾಕಿ, ಐದು ವರ್ಷ ಮುಂದುವರಿಸಬಲ್ಲಷ್ಟನ್ನೇ ದಯವಿಟ್ಟು ನಿಶ್ಚಯಿಸಿ. ಪ್ರತಿ ತಿಂಗಳ ಮೊದಲ ಭಾನುವಾರ ಬಲಿಪೂಜೆಯ ನಂತರ ‘ಚಿಂಬೋಟೆ’ ಎಂದು ಬರೆದ ಲಕೋಟೆಗಳನ್ನು ಸ್ವೀಕರಿಸುತ್ತೇವೆ, ಬಂದದ್ದು ಮತ್ತು ಕಳುಹಿಸಿದ್ದು ಎರಡರ ಲೆಕ್ಕವನ್ನೂ ಮೂರು ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದುತ್ತೇವೆ. ನಮ್ಮಲ್ಲಿ ದಾದಿಯರಾಗಿ ದುಡಿಯುತ್ತಿರುವ ಅನೇಕ ಸಹೋದರಿಯರಿದ್ದಾರೆ; ಅಲ್ಲಿನವರೊಂದಿಗೆ ಪತ್ರವ್ಯವಹಾರ ನಡೆಸುವಷ್ಟು ಸ್ಪ್ಯಾನಿಷ್ ಬಲ್ಲವರು ಅವರಲ್ಲಿದ್ದರೆ ದಯವಿಟ್ಟು ಮೊದಲ ಭಾನುವಾರವೇ ನಮಗೆ ತಿಳಿಸಬೇಕಾಗಿ ವಿನಂತಿ.